‘ಯಾಕೆ’ ಅಂತ ಕೇಳಬೇಡಿ, ನಕಲು ಕೇಳಿ

ಹಾಸನದಲ್ಲಿ ವಕೀಲಿಕೆ ಮಾಡುವ ನನ್ನ ಬಳಿ ಮಾಹಿತಿ ಹಕ್ಕಿನ ಅರ್ಜಿ ಹಿಡಿದು ಬರುವವರು ಜಾಸ್ತಿ. ಬಿಡಿಸಿ ನೋಡಿದರೆ ಬಹುತೇಕ ಒಂದೇ ಧಾಟಿ. ‘ಈ ನರ್ಸಿಂಗ್ ಹೋಮ್ ಮೇಲೆ ಯಾಕೆ ಕ್ರಮ ಜರುಗಿಸಿಲ್ಲ?’ ‘ಇಂಥವರಿಗೆ ಯಾಕೆ ಲೈಸೆನ್ಸ್ ಕೊಟ್ಟಿರಿ?’

ಸ್ವಾಮಿ, ಎಷ್ಟು ಸಲ ಹೇಳಲಿ? 2005ರ ಕಾಯ್ದೆಯಲ್ಲಿ ಮಾಹಿತಿ ಅಂದರೆ ಕಡತದಲ್ಲಿ ಇರುವುದು. ಅಧಿಕಾರಿಯ ಮನಸ್ಸಿನಲ್ಲಿ ಇರುವುದಲ್ಲ. ‘ಯಾಕೆ’ಗೆ ಉತ್ತರ ಕೊಡಬೇಕಿಲ್ಲ ಅಂತ ಬಾಂಬೆ ಹೈಕೋರ್ಟಿನ ಗೋವಾ ಪೀಠ 2008ರಲ್ಲೇ ಹೇಳಿದೆ. ನೀವು ಬೈದು ಬರೆದಷ್ಟೂ ‘ಮಾಹಿತಿ ವ್ಯಾಪ್ತಿಗೆ ಬರುವುದಿಲ್ಲ’ ಅನ್ನುವ ಹಿಂಬರಹ ಕೊಡುವುದು ಅವರಿಗೆ ಸುಲಭ.

‘ಖಾಸಗಿ ಆಸ್ಪತ್ರೆ, ನಮಗೆ ಕೊಡ್ತಾರಾ?’ ಅಂತಲೂ ಕೇಳುತ್ತಾರೆ. ನರ್ಸಿಂಗ್ ಹೋಮ್‌ಗೇ ಅರ್ಜಿ ಹಾಕಿದರೆ ಕಸದಬುಟ್ಟಿಗೆ ಹೋಗುತ್ತದೆ ಅಷ್ಟೇ. ಕರ್ನಾಟಕದಲ್ಲಿ ಅವುಗಳ ನೋಂದಣಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರದಲ್ಲಿ ಆಗುತ್ತದೆ. ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಅದರ ಸದಸ್ಯ ಕಾರ್ಯದರ್ಶಿ. ತಪಾಸಣೆ ಕಾಗದ ಅಲ್ಲಿರುತ್ತದೆ, ಅರ್ಜಿಯೂ ಅಲ್ಲಿಗೇ ಹೋಗಬೇಕು.

ಆಲೂರು ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಬಂದಿದ್ದರು. ತಾಯಿಯ ಕಾಲು ಮುರಿದು ಒಂದು ನರ್ಸಿಂಗ್ ಹೋಮ್‌ನಲ್ಲಿ ಮಲಗಿಸಿ, ರೋಸಿಹೋಗಿದ್ದರು. ಆರು ಪುಟದ ಅರ್ಜಿ, ಅದರಲ್ಲಿ ಹನ್ನೊಂದು ‘ಏಕೆ’. ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ! ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ. ಅವರಿಗೆ ಬೇಸರವಾಯಿತು. ಆದರೂ ಪಕ್ಕದಲ್ಲೇ ಕೂರಿಸಿಕೊಂಡು ಬರೆಸಿದೆ: ‘ಸದರಿ ಸಂಸ್ಥೆಯ ಕೊನೆಯ ಎರಡು ತಪಾಸಣಾ ವರದಿ, ಅವುಗಳ ಮೇಲಿನ ಕಚೇರಿ ಟಿಪ್ಪಣಿ, ಕೊಟ್ಟಿದ್ದರೆ ನೋಟಿಸ್, ಇವುಗಳ ದೃಢೀಕೃತ ನಕಲು ಕೊಡಿ.’ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ ಕಳಿಸಿದೆವು.

ಎಲ್ಲ ಕೈಗೆ ಬಂದೇ ಬರುತ್ತದೆ ಅಂತ ನಾನು ಭರವಸೆ ಕೊಡಲ್ಲ. ಬೇರೆ ರೋಗಿಗಳ ವಿವರ ಸಿಗುವುದಿಲ್ಲ, ಸಿಗಲೂ ಬಾರದು. ಅದನ್ನು ಮುಚ್ಚಿ ಉಳಿದದ್ದನ್ನು ಕೊಡಬಹುದು. 30 ದಿನದಲ್ಲಿ ಉತ್ತರ ಬರಬೇಕು. ಆಸ್ಪತ್ರೆಯವರ ಅಭಿಪ್ರಾಯ ಕೇಳಬೇಕಾಗಿ ಬಂದರೆ 40. ಬರದಿದ್ದರೆ ಮೇಲ್ಮನವಿ ಇದೆ. ‘ತಪಾಸಣಾ ವರದಿ ಲಭ್ಯವಿಲ್ಲ’ ಅಂತ ಬಂದರೆ ಹರಿದು ಬಿಸಾಡಬೇಡಿ. ಸೀಲು, ಸಹಿ ಇರುವ ಆ ಒಂದು ಸಾಲೇ ದೂರಿಗೆ ಒಳ್ಳೆಯ ಆಧಾರ.

ಮೇಷ್ಟ್ರಿಗೆ ಒಂಬತ್ತು ಪುಟ ಬಂತು. ಕನ್ನಡಕ ಮೂಗಿನ ತುದಿಗೆ ಇಳಿಸಿ, ಕಾಪಿ ತಿದ್ದುವ ಹಾಗೆ ಬೆರಳಿಟ್ಟು ಓದಿದರು. ಅಗ್ನಿಶಾಮಕ ಇಲಾಖೆಯ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಅನ್ನುವ ಕಾಲಂನಲ್ಲಿ ಬರೀ ಒಂದು ಗೆರೆ. ಅಲ್ಲಿಗೆ ಬೆರಳು ನಿಂತಿತು. ತಲೆ ಎತ್ತಿ ಕೇಳಿದರು, ‘ಅಲ್ಲ ಸಾರ್, ಇದನ್ನ ನೋಡಿಯೂ ಯಾಕೆ ಸುಮ್ನಿದ್ದಾರೆ?’