ಅಣಕು ಕಥೆ: "ಹಂಗಲ್ಲ ಮಾಮಾ!"

ಅಣಕು ಅನ್ನೋ ಪದ ನಮ್ಮ ಕಣ್ಣಿಗೆ ಬೀಳೋದು ಜಾಸ್ತಿ ಪೇಪರಿನಲ್ಲೇ. ಅಣಕು ಶವಯಾತ್ರೆ, ಅಣಕು ಸಂಸತ್ತು, ಅಣಕು ಮತದಾನ. ಅದನ್ನೇ ತಂದು ಮಕ್ಕಳ ಕಥೆಗೆ ಅಂಟಿಸಿದರೆ ಅಣಕು ಕಥೆ. ಅಂದರೆ ಎಲ್ಲರಿಗೂ ಬಾಯಿಪಾಠ ಇರುವ ಹಳೇ ಕಥೆಯನ್ನು ಬೇಕಂತಲೇ ತಪ್ಪುತಪ್ಪಾಗಿ ಹೇಳಿ ನಗಿಸೋದು. ನಮ್ಮ ಬೆಳಗಾವಿ ಕಡೆ ಅಣಕಿಸೋದಕ್ಕೆ ಏಡಿಸೋದು ಅಂತಲೂ ಅಂತಾರೆ. ಇಲ್ಲಿ ಮನುಷ್ಯರನ್ನಲ್ಲ, ಕಥೆಯನ್ನೇ ಏಡಿಸೋದು.

ಅಜ್ಜಿ ಕಥೆ ಹೇಳುವಾಗ ಮಕ್ಕಳು "ಹೂಂ" ಅನ್ನಬೇಕು, ಅಲ್ವಾ? ಹೂಂಗುಟ್ಟೋದು ನಿಂತರೆ ಮಗು ಮಲಗಿತು ಅಂತ ಅರ್ಥ. ಅಣಕು ಕಥೆಯಲ್ಲಿ ಹೂಂ ಇಲ್ಲ. ಸಾಲಿಗೊಂದು "ಹಂಗಲ್ಲ!" ಬರಬೇಕು. ನನ್ನ ಪ್ರಕಾರ ಇದೇ ಅದರ ಗುರುತು. ಮಗು ಎದ್ದು ಕೂತು ಜಗಳಕ್ಕೆ ಬಂದರೆ ಕಥೆ ಗೆದ್ದಿತು. ನಿದ್ದೆ ಬರಿಸೋಕೆ ಮಾತ್ರ ಇದು ಸುತಾರಾಂ ಪ್ರಯೋಜನ ಇಲ್ಲ, ಮೊದಲೇ ಹೇಳಿದ್ದೇನೆ, ಆಮೇಲೆ ನನ್ನ ಬೈಯಬೇಡಿ.

ಇಂಗ್ಲಿಷಿನವರು ಇದಕ್ಕೆ "ಫ್ರ್ಯಾಕ್ಚರ್ಡ್ ಫೇರಿ ಟೇಲ್" ಅಂತಾರೆ. 1959ರಲ್ಲಿ ಅಮೆರಿಕದ ಟೀವಿಯಲ್ಲಿ ಶುರುವಾದ "ರಾಕಿ ಅಂಡ್ ಹಿಸ್ ಫ್ರೆಂಡ್ಸ್" ಅನ್ನೋ ಕಾರ್ಟೂನಿನ ನಡುನಡುವೆ ಈ ಹೆಸರಿನ ಪುಟ್ಟ ಕಥೆಗಳು ಬರುತ್ತಿದ್ದವು, ಹೆಸರು ಅಲ್ಲಿಂದ ಹಬ್ಬಿತು. ಕಥೆಯ ಕೈಕಾಲು ಮುರಿಯೋದು ಅಂತ ಇಟ್ಟುಕೊಳ್ಳಿ. ಆದರೆ "ಕಥೆಗೆ ಕಾಲಿಲ್ಲ" ಅಂತ ನಮ್ಮ ಹಿರಿಯರು ಆಗಲೇ ಹೇಳಿಬಿಟ್ಟಿದ್ದಾರೆ, ಇಲ್ಲದ ಕಾಲನ್ನು ಮುರಿಯೋದು ಹೇಗೆ? ಅದಕ್ಕೇ ನನಗೆ ಅಣಕು ಅನ್ನೋದೇ ಇಷ್ಟ.

ಹೋದ ಮಳೆಗಾಲದಲ್ಲಿ ಒಂದು ಸಂಜೆ ಕರೆಂಟ್ ಹೋಯಿತು. ತಂಗಿಯ ಮಗಳು ಪಕ್ಕದಲ್ಲಿದ್ದಳು, ಆರು ವರ್ಷದವಳು. ಕೆಂಪು ಟೋಪಿ ಹುಡುಗಿ ಮತ್ತು ತೋಳದ ಕಥೆ ಅವಳಿಗೆ ಚೆನ್ನಾಗಿ ಗೊತ್ತು. ನಾನು ಟೋಪಿ ತೆಗೆದು ಗುಳೇದಗುಡ್ಡದ ಖಣದಲ್ಲಿ ಹೊಲಿದ ಕೆಂಪು ಕುಂಚಿಗಿ ಹಾಕಿದೆ. "ಹಂಗಲ್ಲ ಮಾಮಾ! ಕುಂಚಿಗಿ ಸಣ್ಣ ಪಾಪುಗ ಹಾಕೂದು!" ಸರಿ, ಮುಂದೆ ಹೋದೆ. ಬುಟ್ಟಿಯಲ್ಲಿ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ. ತೋಳ ಅಜ್ಜಿಯ ಮನೆಗೆ ಹೋದರೆ ಅಜ್ಜಿ ಹೆದರಲೇ ಇಲ್ಲ. "ಬಿಸಲಾಗ ಬಂದಿ, ಮೊದಲ ಉಣ್ಣು, ಆಮ್ಯಾಲ ನನ್ನ ತಿನ್ನುವಂತಿ" ಅಂದು ಗಂಗಾಳದಲ್ಲಿ ರೊಟ್ಟಿ, ಅದರ ಮೇಲೆ ಕೆಂಪು ಮೆಣಸಿನಕಾಯಿ ಚಟ್ನಿ ಬಡಿಸಿದಳು. ಒಂದೇ ತುತ್ತು. ತೋಳ ಎದ್ದುಬಿದ್ದು ಓಡಿದ್ದು ಮಲಪ್ರಭೆಗೆ. ಇನ್ನೂ ನೀರು ಕುಡಿಯುತ್ತಲೇ ಇದೆಯಂತೆ.

ಕಥೆಯನ್ನು ಹೀಗೆ ಕೆಡಿಸಬಹುದಾ ಅಂತ ಕೆಲವರು ಮುಖ ಸಿಂಡರಿಸುತ್ತಾರೆ. ಆದರೆ ಯಾವುದು ಅಸಲಿ ಅಂತ ಕೇಳಿದರೆ ಉತ್ತರ ಅಷ್ಟು ಸುಲಭ ಇಲ್ಲ. ಫ್ರಾನ್ಸಿನ ಶಾರ್ಲ್ ಪೆರೋ 1697ರಲ್ಲಿ ಪುಸ್ತಕ ಮಾಡಿದಾಗ ತೋಳ ಹುಡುಗಿಯನ್ನು ತಿಂದುಬಿಡುತ್ತೆ, ಕಥೆ ಮುಗಿಯಿತು, ಬಿಡಿಸೋಕೆ ಯಾರೂ ಬರಲ್ಲ. 1812ರಲ್ಲಿ ಜರ್ಮನಿಯ ಗ್ರಿಮ್ ಅಣ್ಣತಮ್ಮಂದಿರು ಹೇಳುವಾಗ ಬೇಟೆಗಾರ ಬಂದು ತೋಳದ ಹೊಟ್ಟೆ ಕೊಯ್ದು ಅಜ್ಜಿ ಮೊಮ್ಮಗಳನ್ನು ಹೊರಗೆ ತೆಗೆಯುತ್ತಾನೆ. ಅವರೆಲ್ಲ ಬದಲಾಯಿಸಿದ್ದಾರೆ, ನಾನು ಒಂದು ಚಟ್ನಿ ಸೇರಿಸಿದೆ ಅಷ್ಟೇ.

ಸಿಂಡ್ರೆಲ್ಲಾ ಇನ್ನೂ ಮಜಾ. ಎ. ಕೆ. ರಾಮಾನುಜನ್ ಬೆಳಗಾವಿಯಲ್ಲಿ ಮೇಷ್ಟರಾಗಿದ್ದವರು, 1950ರ ದಶಕದಲ್ಲಿ ಈ ಸೀಮೆಯ ಜನರಿಂದ ಕಥೆಗಳನ್ನು ಕೇಳಿ ಬರೆದುಕೊಂಡರು. ಅದರಲ್ಲೊಂದು ಹಂಚಿಯ ಕಥೆ, ಕನ್ನಡದ ಸಿಂಡ್ರೆಲ್ಲಾ ಅಂತ ಅವರೇ ಕರೆದದ್ದು. ಇಲ್ಲಿ ಗಾಜಿನ ಚಪ್ಪಲಿ ಇಲ್ಲ. ಹುಡುಗಿಯ ಮುಖಕ್ಕೆ ಮಣ್ಣಿನ ಮುಖವಾಡ, ಹಂಚಿನದು, ಅದಕ್ಕೇ ಅವಳ ಹೆಸರು ಹಂಚಿ. ಗಾಜಿನ ಚಪ್ಪಲಿ, ಕುಂಬಳಕಾಯಿ ಗಾಡಿ ಎರಡೂ ಪೆರೋ ಪುಸ್ತಕದ್ದು. ಆ ಗಾಡಿ ವಿಷಯದಲ್ಲಿ ನನ್ನದೊಂದು ಹಳೇ ಸಂಶಯ ಇದೆ. ಕುಂಬಳಕಾಯಿಯೇ ಗಾಡಿಯಾದರೆ ಆಯುಧ ಪೂಜೆ ದಿನ ಗಾಡಿ ಮುಂದೆ ಏನು ಒಡೀಬೇಕು? (ಒಡೆಯೋದು ಬೂದುಗುಂಬಳ, ಅದು ಸಿಹಿಗುಂಬಳ ಅಂತ ದಯವಿಟ್ಟು ಅಡ್ಡಬಾಯಿ ಹಾಕಬೇಡಿ.)

ಹಾಗಂತ ಸಿಂಡ್ರೆಲ್ಲಾ ಕೈಗೆ ಮೊಬೈಲ್ ಕೊಟ್ಟರೆ ಅಣಕು ಕಥೆ ಆಗಲ್ಲ. ಈಗ ಇಂಥವೇ ಜಾಸ್ತಿ, ರಾಜಕುಮಾರ ಸೆಲ್ಫಿ ತೆಗೆದ, ಎಲ್ಲರೂ ನಕ್ಕರು ಅಂತೆ. ಮಕ್ಕಳು ನಗಲ್ಲ. ಕಥೆ ಯಾವ ಮಾತಿನ ಮೇಲೆ ನಿಂತಿದೆಯೋ ಅದನ್ನೇ ಅಲುಗಾಡಿಸಬೇಕು. ತೋಳ ಬಂದರೆ ಹೆದರಬೇಕು ಅನ್ನೋದು ಅಲ್ಲಿನ ನಿಯಮ, ಅಜ್ಜಿ ಹೆದರಲಿಲ್ಲ, ಅಲ್ಲಿ ನಗು ಬಂತು. ಮೂಲ ಕಥೆ ಗೊತ್ತಿಲ್ಲದ ಮಗುವಿಗೆ ಇದನ್ನೇ ಹೇಳಿ ನೋಡಿ, ಸುಮ್ನೆ ಹೂಂ ಅನ್ನುತ್ತೆ. ಅಜ್ಜಿ ತೋಳಕ್ಕೆ ಊಟ ಹಾಕಿದಳು, ಅದರಲ್ಲೇನಿದೆ?

ಅದಕ್ಕೇ ನಾನು ಕಾಗಕ್ಕ ಗುಬ್ಬಕ್ಕನ ಕಥೆಗೆ ಕೈ ಹಾಕಿದೆ. ಅದು ಗೊತ್ತಿಲ್ಲದ ಮನೆ ನಮ್ಮ ಓಣಿಯಲ್ಲಿ ಇಲ್ಲ, ಪಕ್ಕದ ಮರಾಠಿ ಮನೆಯಲ್ಲೂ ಅದೇ, "ಚಿಊತಾಯಿ, ಚಿಊತಾಯಿ, ದಾರ್ ಉಘಡ್", ಅಂದರೆ ಗುಬ್ಬಕ್ಕ, ಗುಬ್ಬಕ್ಕ, ಬಾಗಿಲು ತೆಗಿ. ಮಳೆಗೆ ಕಾಗಕ್ಕನ ಸಗಣಿ ಮನೆ ಕೊಚ್ಚಿಹೋಗುತ್ತೆ, ಗುಬ್ಬಕ್ಕನ ಬಾಗಿಲು ಬಡಿದರೆ ತಡಿ, ಮಗುಗೆ ಎಣ್ಣೆ ಹಚ್ಚಾಕತ್ತೀನಿ, ತಡಿ, ನೀರು ಹಾಕಾಕತ್ತೀನಿ ಅಂತ ಕಾಯಿಸುತ್ತಾಳೆ. ಗುಬ್ಬಿ ಜಾಣೆ ಅಂತ ನಾವೆಲ್ಲ ಕಲಿತದ್ದು. ಇದನ್ನು ಕಾಗಕ್ಕನ ಬಾಯಿಂದ ಹೇಳಿಸಿದೆ: "ಮೂರು ತಾಸು ಹೊರಗ ನಿಲ್ಲಿಸಿದಳವಾ, ಬೆಳಗಾವಿ ಮಳಿ, ನೆಗಡಿ ಬಂದು ಗಂಟಲ ಬಿತ್ತು. ಮೊದಲ ನನ್ನ ದನಿ ಕೋಗಿಲಿ ಹಂಗಿತ್ತು."

ತಂಗಿಯ ಮಗಳು ಈ ಸಲ ಹಂಗಲ್ಲ ಅನ್ನಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು, "ಮಾಮಾ, ಗುಬ್ಬಕ್ಕನ ಪಾಪುಗ ದಿನಕ್ಕ ಎಷ್ಟ ಸಲ ಎಣ್ಣಿ ಹಚ್ತಾರ?"