ಒಂದು ಮೆಗಾಬೈಟಿನ ಜಗಳ: ಬಿಟ್‌ಕಾಯಿನ್ ನಿಯಮ ಬದಲಿಸುವವರು ಯಾರು?

ಬಿಟ್‌ಕಾಯಿನ್ ಎಂಬ ಡಿಜಿಟಲ್ ನಾಣ್ಯದ ಲೆಕ್ಕದ ಸರಪಳಿಗೆ ಸರಾಸರಿ ಹತ್ತು ನಿಮಿಷಕ್ಕೊಂದು ಬ್ಲಾಕ್, ಅಂದರೆ ವಹಿವಾಟುಗಳ ಒಂದು ಕಟ್ಟು, ಸೇರುತ್ತದೆ. ಅದು ಒಂದು ಮೆಗಾಬೈಟ್ ಮೀರಬಾರದೆಂಬ ಮಿತಿಯನ್ನು 2010ರಲ್ಲಿ ಬಿಟ್‌ಕಾಯಿನ್‌ನ ಜನಕ ಸತೋಶಿ ನಕಾಮೊಟೊ ಸದ್ದಿಲ್ಲದೆ ಕೋಡ್‌ಗೆ ಸೇರಿಸಿದರು. ಕಿಡಿಗೇಡಿಗಳು ಕಸದ ವಹಿವಾಟು ತುಂಬಿ ಜಾಲವನ್ನು ಹದಗೆಡಿಸದಿರಲಿ ಎಂಬುದೇ ಅದರ ಉದ್ದೇಶವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಅದೇ ಅಕ್ಟೋಬರ್‌ನಲ್ಲಿ ಮಿತಿ ಏರಿಸುವ ಮಾತು ಬಂದಾಗ, 1,15,000ನೇ ಬ್ಲಾಕ್ ದಾಟಿದ ಮೇಲೆ ಹೊಸ ಮಿತಿ ಜಾರಿಯಾಗುವಂತೆ ಮೊದಲೇ ಬರೆದಿಟ್ಟರಾಯಿತು ಎಂದು ಅವರೇ ಉದಾಹರಣೆ ಕೊಟ್ಟಿದ್ದರು. ಮರುವರ್ಷ ಸತೋಶಿ ಮರೆಯಾದರು, ಮಿತಿ ಮಾತ್ರ ಹಾಗೇ ಉಳಿಯಿತು.

ಈ ಮಿತಿಯೊಳಗೆ ಸೆಕೆಂಡಿಗೆ ಏಳೆಂಟು ವಹಿವಾಟು ಸಾಗುವುದೂ ಕಷ್ಟ. 2015ರಲ್ಲಿ ಬಿಟ್‌ಕಾಯಿನ್ ತಂತ್ರಾಂಶ ಅಭಿವರ್ಧಕರಾದ ಗೇವಿನ್ ಆಂಡ್ರೆಸೆನ್ ಮತ್ತು ಮೈಕ್ ಹರ್ನ್, ಮಿತಿಯನ್ನು 8 ಮೆಗಾಬೈಟಿಗೇರಿಸಿ ಎರಡು ವರ್ಷಕ್ಕೊಮ್ಮೆ ಇಮ್ಮಡಿಗೊಳಿಸುವ ಬಿಟ್‌ಕಾಯಿನ್ ಎಕ್ಸ್‌ಟಿ ತಂತ್ರಾಂಶವನ್ನು ಮುಂದಿಟ್ಟರು. ಬ್ಲಾಕ್ ದೊಡ್ಡದಾದಷ್ಟೂ ಮನೆಯ ಸಾಧಾರಣ ಕಂಪ್ಯೂಟರಿನಲ್ಲಿ ನೋಡ್ (ಸರಪಳಿಯ ವಹಿವಾಟುಗಳನ್ನು ತಾನೇ ಪರಿಶೀಲಿಸುವ ತಂತ್ರಾಂಶ) ನಡೆಸುವುದು ದುಬಾರಿಯಾಗಿ, ಲೆಕ್ಕ ಪರಿಶೀಲಿಸುವ ಕೆಲಸ ದೊಡ್ಡ ಕಂಪನಿಗಳ ಪಾಲಾಗುತ್ತದೆ ಎಂಬುದು ವಿರೋಧಿಗಳ ವಾದವಾಗಿತ್ತು. ಎರಡೂ ಕಡೆ ಹುರುಳಿತ್ತು. ಆದರೆ ತೀರ್ಪು ಕೊಡುವ ಪೀಠವೇ ಇಲ್ಲದ ವ್ಯವಸ್ಥೆಯಲ್ಲಿ ಜಗಳ ಬಹುಬೇಗ ಗಾತ್ರದ ಪ್ರಶ್ನೆಯನ್ನು ಬಿಟ್ಟು ಅಧಿಕಾರದ ಪ್ರಶ್ನೆಯಾಯಿತು. 2016ರ ಜನವರಿಯಲ್ಲಿ ಹರ್ನ್, ಈ ಪ್ರಯೋಗ ಸೋತಿದೆಯೆಂದು ಘೋಷಿಸಿ ಹೊರನಡೆದರು.

ಅಷ್ಟರಲ್ಲಿ, 2015ರ ಡಿಸೆಂಬರ್‌ನಲ್ಲಿ, ಅಭಿವರ್ಧಕ ಪೀಟರ್ ವುಯ್ಲೆ ಹಾಂಗ್‌ಕಾಂಗ್‌ನಲ್ಲಿ ಸೆಗ್‌ವಿಟ್ ಎಂಬ ಉಪಾಯವನ್ನು ಮಂಡಿಸಿದ್ದರು. ಹಣದ ಒಡೆತನ ಸಾಬೀತುಪಡಿಸುವ ಡಿಜಿಟಲ್ ಸಹಿಗಳ ದತ್ತಾಂಶವನ್ನು ವಹಿವಾಟಿನಿಂದ ಬೇರ್ಪಡಿಸಿ, ಅದರ ಒಂದು ಬೈಟನ್ನು ಕಾಲು ಬೈಟಿನಷ್ಟು ಮಾತ್ರ ಲೆಕ್ಕಕ್ಕೆ ಹಿಡಿಯುವುದು ಅದರ ತಿರುಳು. ಹಳೆಯ ನೋಡ್‌ಗಳಿಗೆ ಆ ಸಹಿಗಳು ಕಾಣುವುದೇ ಇಲ್ಲ. ಅವುಗಳ ಅಳತೆಯಲ್ಲಿ ಬ್ಲಾಕ್ ಒಂದು ಮೆಗಾಬೈಟಿನೊಳಗೇ ಇರುತ್ತದೆ. ಹೀಗೆ ಹಳೆಯ ನಿಯಮವನ್ನು ಮುರಿಯದೆಯೇ ಜಾಗ ಹೆಚ್ಚುತ್ತದೆ. ಜಾಣತನದ ಪರಿಹಾರವೇ ಸರಿ, ಆದರೆ ಜಾರಿಗೆ 95% ಬ್ಲಾಕ್‌ಗಳ ಸಮ್ಮತಿಯ ಸಂಕೇತ ಬೇಕಿತ್ತು. ಬ್ಲಾಕ್‌ಗಳನ್ನು ಕಟ್ಟಿ ಸರಪಳಿಗೆ ಸೇರಿಸುವ ಮೈನರ್‌ಗಳ ಬೆಂಬಲ ತಿಂಗಳುಗಟ್ಟಲೆ ಅದರ ಹತ್ತಿರಕ್ಕೂ ಬರಲಿಲ್ಲ.

2017ರಲ್ಲಿ ಗಂಟು ಸಡಿಲಿಸಿದ್ದು ಒಂದು ಬೆದರಿಕೆ. 2017ರ ಆಗಸ್ಟ್ 1ರಿಂದ ಸೆಗ್‌ವಿಟ್‌ಗೆ ಸಮ್ಮತಿ ಸೂಚಿಸದ ಬ್ಲಾಕ್‌ಗಳನ್ನು ತಮ್ಮ ನೋಡ್‌ಗಳು ತಿರಸ್ಕರಿಸುತ್ತವೆ ಎಂದು ಬಳಕೆದಾರರ ಒಂದು ಗುಂಪು ಸಾರಿತು. ಸಂಖ್ಯೆಯಲ್ಲಿ ಅವರು ಅಲ್ಪಸಂಖ್ಯಾತರು. ಆದರೂ ಸರಪಳಿ ಒಡೆದರೆ ಯಾವ ನಾಣ್ಯಕ್ಕೆ ಬೆಲೆ ಉಳಿದೀತೆಂಬ ಅಂಜಿಕೆ ಎಲ್ಲರಿಗೂ ಇತ್ತು. ಮೇ ತಿಂಗಳಲ್ಲಿ ಐವತ್ತಕ್ಕೂ ಹೆಚ್ಚು ಕಂಪನಿಗಳು ನ್ಯೂಯಾರ್ಕ್ ಒಪ್ಪಂದಕ್ಕೆ ಬಂದವು: ಮೊದಲು ಸೆಗ್‌ವಿಟ್, ಬಳಿಕ ದುಪ್ಪಟ್ಟು ಗಾತ್ರ. ಜುಲೈನಲ್ಲಿ, ಒಂದು ಅವಧಿಯ 336 ಬ್ಲಾಕ್‌ಗಳಲ್ಲಿ 269ರ ಸಮ್ಮತಿ ಸಾಕೆಂಬ ಮಧ್ಯಂತರ ಸೂತ್ರದ ಮೂಲಕ ಮೈನರ್‌ಗಳು ಮಣಿದರು. ಆಗಸ್ಟ್ 24ರಂದು 4,81,824ನೇ ಬ್ಲಾಕ್‌ನಲ್ಲಿ ಸೆಗ್‌ವಿಟ್ ಜಾರಿಗೆ ಬಂತು. ದೊಡ್ಡ ಬ್ಲಾಕ್ ಬೇಕೆಂದವರಲ್ಲಿ ಹಲವರು ಆಗಸ್ಟ್ 1ರಂದೇ ಬಿಟ್‌ಕಾಯಿನ್ ಕ್ಯಾಶ್ ಎಂಬ ಪ್ರತ್ಯೇಕ ನಾಣ್ಯದೊಡನೆ ಬೇರೆ ಸಂಸಾರ ಹೂಡಿದ್ದರು.

ಒಪ್ಪಂದದ ಉಳಿದರ್ಧ ಮಾತ್ರ ಈಡೇರಲೇ ಇಲ್ಲ. ಸಾಕಷ್ಟು ಒಮ್ಮತವಿಲ್ಲವೆಂದು ಅದರ ಮುಂದಾಳುಗಳೇ ನವೆಂಬರ್ 8ರಂದು ಯೋಜನೆ ಕೈಬಿಟ್ಟರು. ಮರುತಿಂಗಳೇ ಒಂದು ವಹಿವಾಟಿನ ಸರಾಸರಿ ಶುಲ್ಕ 50 ಡಾಲರ್ ದಾಟಿತೆಂಬುದನ್ನು ಗೆದ್ದ ಸಣ್ಣ ಬ್ಲಾಕ್ ಪರರು ಅಷ್ಟಾಗಿ ನೆನೆಯುವುದಿಲ್ಲ.

ಮುಂದಿನ ದೊಡ್ಡ ನಿಯಮ ಬದಲಾವಣೆಯಾದ 2021ರ ಟ್ಯಾಪ್‌ರೂಟ್‌ನ ತಾಂತ್ರಿಕ ಅಂಶಗಳಿಗೆ ಹೇಳಿಕೊಳ್ಳುವಂಥ ವಿರೋಧವೇ ಇರಲಿಲ್ಲ. ಆದರೂ ಮೈನರ್‌ಗಳು ಗಡುವಿನೊಳಗೆ ಸಮ್ಮತಿಸದಿದ್ದರೆ ಬದಲಾವಣೆಯನ್ನು ಕೈಬಿಡಬೇಕೋ, ಕಡ್ಡಾಯ ಮಾಡಬೇಕೋ ಎಂಬುದರ ಮೇಲೆ ತಿಂಗಳುಗಟ್ಟಲೆ ವಾಗ್ವಾದ ನಡೆಯಿತು. ಕೊನೆಗೆ ಸುಮಾರು ಮೂರು ತಿಂಗಳ ಅವಕಾಶ, 90% ಸಮ್ಮತಿ ಎಂಬ ರಾಜಿಸೂತ್ರದಲ್ಲಿ ಅದು ಜೂನ್‌ನಲ್ಲಿ ಖಚಿತವಾಗಿ ನವೆಂಬರ್‌ನಲ್ಲಿ ಜಾರಿಯಾಯಿತು. ಕಡ್ಡಾಯದ ಪ್ರಶ್ನೆಗೆ ಉತ್ತರ ಹೇಳುವ ಪ್ರಸಂಗವೇ ಬರಲಿಲ್ಲ.