ರೀಸೆಟ್ ಗುಂಡಿ ಒತ್ತುವ ಮೊದಲು ಒಂದು ಫೋಟೊ

ಏಪ್ರಿಲ್ ಕೊನೆಯಲ್ಲಿ ವರ್ಷದ ಮೊದಲ ಗುಡುಗು ಬಂದ ಮರುದಿನ ನನ್ನ ಫೋನು ಬೆಳಿಗ್ಗೆ ಏಳಕ್ಕೇ ಶುರುವಾಗುತ್ತದೆ. "ಲೈಟ್ ಎಲ್ಲ ಉಂಟು, ನೆಟ್ ಮಾತ್ರ ಇಲ್ಲ ಮಾರಾಯ್ರೇ." ಕಾಪುವಿನಿಂದ ಕುಂದಾಪುರದವರೆಗೆ ಎಲ್ಲರದೂ ಹೆಚ್ಚುಕಡಿಮೆ ಇದೇ ಮಾತು. ಉಡುಪಿಯಲ್ಲಿ ಕಂಪ್ಯೂಟರ್ ಮತ್ತು ನೆಟ್‌ವರ್ಕ್ ರಿಪೇರಿ ಮಾಡುವ ನಾನು ತಿರುಗಿ ಕೇಳುವ ಮೊದಲ ಪ್ರಶ್ನೆಯೂ ಒಂದೇ: "ರೌಟರಿನ ರೀಸೆಟ್ ಒತ್ತಿದ್ದೀರಾ?"

ಒತ್ತಿಲ್ಲ ಎಂದರೆ ಎಷ್ಟೋ ಸಲ ಕೆಲಸ ಫೋನಿನಲ್ಲೇ ಮುಗಿಯುತ್ತದೆ. ಒತ್ತಿದ್ದರೆ ನಾನೇ ಹೋಗಬೇಕು, ಕೆಲವೊಮ್ಮೆ ಹೋದರೂ ಸಾಲುವುದಿಲ್ಲ.

ಕಟಪಾಡಿಯ ಒಬ್ಬರು ನಿವೃತ್ತ ಮೇಷ್ಟ್ರ ಮನೆಯಲ್ಲಿ ಹೀಗೇ ಆಯಿತು. ರಾತ್ರಿಯ ಗಾಳಿಗೆ ತೆಂಗಿನ ಮಡಲು ಬಿದ್ದು ಅಂಗಳದ ಮೇಲೆ ಹಾದುಹೋದ ಫೈಬರ್ ಕೇಬಲ್ ತುಂಡಾಗಿತ್ತು. ರೌಟರಿನಲ್ಲಿ ಕೆಂಪು ದೀಪ ಮಿನುಗುತ್ತಿತ್ತು. ಯಾರೋ ಹೇಳಿದರೆಂದು ಅವರು ಸೂಜಿ ತೆಗೆದುಕೊಂಡು ಹಿಂಬದಿಯ ಸಣ್ಣ ತೂತಿಗೆ ಹತ್ತು ಸೆಕೆಂಡ್ ಒತ್ತಿ ಹಿಡಿದರು. ಮರುದಿನ ಲೈನಿನವರು ಬಂದು ಕೇಬಲ್ ಜೋಡಿಸಿ ಹೋದರು. ಕೆಂಪು ದೀಪ ಹೋಯಿತು, ಹಸಿರು ಬಂತು, ನೆಟ್ ಬರಲಿಲ್ಲ. ರೌಟರಿನ ಒಳಗಿದ್ದ ಯೂಸರ್‌ನೇಮ್, ಪಾಸ್‌ವರ್ಡ್ ಎರಡೂ ಅಳಿಸಿಹೋಗಿದ್ದವು. ಸಂಪರ್ಕ ಕೊಟ್ಟ ದಿನ ಬರೆದುಕೊಟ್ಟ ಚೀಟಿ ಎಲ್ಲಿದೆಯೋ ಗೊತ್ತಿಲ್ಲ. ಆ ಎರಡು ಪದಗಳನ್ನು ಮತ್ತೆ ಪಡೆಯಲು ಎರಡು ದಿನ ಹಿಡಿಯಿತು. ಕೇಬಲ್ ಸರಿಮಾಡಲು ಬೇಕಾದದ್ದು ಅರ್ಧ ಗಂಟೆ.

ರೀಸ್ಟಾರ್ಟ್ ಬೇರೆ, ರೀಸೆಟ್ ಬೇರೆ. ಸ್ವಿಚ್ ಆಫ್ ಮಾಡಿ, ಒಂದು ನಿಮಿಷ ಬಿಟ್ಟು ಆನ್ ಮಾಡುವುದು ರೀಸ್ಟಾರ್ಟ್. ಅದರಿಂದ ಏನೂ ಕಳೆದುಹೋಗುವುದಿಲ್ಲ. ರೀಸೆಟ್ ಎಂದರೆ ರೌಟರ್ ಕಾರ್ಖಾನೆಯಿಂದ ಹೊರಬಂದ ದಿನದ ಸ್ಥಿತಿಗೆ ಹೋಗುವುದು. ನಿಮ್ಮ ಮನೆಗೆಂದು ಹಾಕಿದ ಪ್ರತಿಯೊಂದು ಸೆಟ್ಟಿಂಗ್ ಆಗ ಹೋಗುತ್ತದೆ. ಹಾಗಾಗಿ ನೆಟ್ ಚೆನ್ನಾಗಿರುವ ದಿನವೇ ಒಂದು ಕೆಲಸ ಮಾಡಿಡಿ. ಬ್ರೌಸರಿನಲ್ಲಿ 192.168.1.1 ಅಥವಾ ರೌಟರಿನ ಅಡಿಯಲ್ಲಿ ಅಂಟಿಸಿರುವ ವಿಳಾಸ ಒತ್ತಿ ಒಳಗೆ ಹೋಗಿ. ಹೊರಗಿನ ಸಂಪರ್ಕದ ವಿವರವಿರುವ ವ್ಯಾನ್ (WAN) ಎಂಬ ಪುಟದ ಫೋಟೊ ತೆಗೆಯಿರಿ. ಸಂಪರ್ಕ ಯೂಸರ್‌ನೇಮ್, ಪಾಸ್‌ವರ್ಡ್ ಕೇಳುವ ಪಿಪಿಪಿಒಇ (PPPoE) ರೀತಿಯದೋ ಅಲ್ಲವೋ, ಯೂಸರ್‌ನೇಮ್ ಏನು, ಕಂಪನಿ ತನ್ನ ಲೈನಿಗೆ ಕೊಟ್ಟ ವಿಲ್ಯಾನ್ (VLAN) ಸಂಖ್ಯೆ ಎಷ್ಟು, ಎಲ್ಲವೂ ಅಲ್ಲಿರುತ್ತವೆ. ಪಾಸ್‌ವರ್ಡ್ ಮಾತ್ರ ಚುಕ್ಕಿಗಳಾಗಿ ಕಾಣುತ್ತದೆ. ಅದನ್ನು ಕಂಪನಿಯವರಿಂದ ಈಗಲೇ ಕೇಳಿ ಬರೆದಿಟ್ಟುಕೊಳ್ಳಿ. ಬ್ಯಾಕಪ್ ಎಂಬ ಗುಂಡಿಯಿದ್ದರೆ ಫೈಲನ್ನೂ ಇಳಿಸಿಕೊಳ್ಳಿ. ಹತ್ತು ನಿಮಿಷದ ಕೆಲಸ.

ಇನ್ನು ನೆಟ್ ಹೋದಾಗ ಏನು ನೋಡಬೇಕು? ಮೊದಲು ದೀಪ. ಫೈಬರ್ ಸಂಪರ್ಕವಾದರೆ ಎಲ್‌ಒಎಸ್ (LOS) ಎಂದು ಬರೆದ ದೀಪ ಕೆಂಪಗೆ ಮಿನುಗಿದರೆ ಬೆಳಕೇ ನಿಮ್ಮ ಮನೆಗೆ ಬರುತ್ತಿಲ್ಲ. ರೌಟರಿನ ಯಾವ ಸೆಟ್ಟಿಂಗ್ ಬದಲಿಸಿದರೂ ಪ್ರಯೋಜನವಿಲ್ಲ. ಸೋಫಾದ ಹಿಂದೆ ತಂತಿ ಚೂಪಾಗಿ ಮಡಚಿದೆಯಾ ನೋಡಿ. ಅಳಿಲು, ಇಲಿ ಕಚ್ಚಿವೆಯಾ ನೋಡಿ. ಏನೂ ಕಾಣದಿದ್ದರೆ ದೂರು ಕೊಡಿ. ಫೈಬರಿನ ತುದಿ ಬಿಚ್ಚಿ ಕಣ್ಣಿನ ಹತ್ತಿರ ಹಿಡಿದು ನೋಡಬೇಡಿ. ಅದರಲ್ಲಿ ಬರುವುದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು, ಕಾಣದಿದ್ದರೂ ಕಣ್ಣಿಗೆ ಒಳ್ಳೆಯದಲ್ಲ. ಕೆಲವು ರೌಟರುಗಳ ಒಳಪುಟದಲ್ಲಿ ಬೆಳಕಿನ ಬಲ ಎಷ್ಟಿದೆ ಎಂದೂ ತೋರಿಸುತ್ತದೆ. ಡಿಬಿಎಂ (dBm) ಎಂಬ ಅಳತೆಯಲ್ಲಿ ಅದು ಮೈನಸ್ 20ರ ಆಸುಪಾಸು ಇದ್ದರೆ ಆರಾಮ. ಮೈನಸ್ 27ಕ್ಕಿಂತ ಕೆಳಗೆ, ಮೈನಸ್ 28, 29 ಎಂದು ಇಳಿದರೆ ಮಳೆ ಬಂದಾಗಲೆಲ್ಲ ನೆಟ್ ಕೈಕೊಡಬಹುದು. ದೂರು ಕೊಡುವಾಗ ಈ ಸಂಖ್ಯೆ ಹೇಳಿ ನೋಡಿ, ಎದುರಿನವರ ಮಾತೇ ಬದಲಾಗುತ್ತದೆ.

ದೀಪ ಸರಿಯಿದ್ದೂ ನೆಟ್ ಇಲ್ಲದಿದ್ದರೆ ಕಂಪ್ಯೂಟರಿನ ಕಮಾಂಡ್ ಕಿಟಕಿ ತೆರೆದು ಪಿಂಗ್ ಮಾಡಿ. ಪಿಂಗ್ ಎಂದರೆ ಸುಮ್ನೆ ಕೂ ಎಂದು ಕರೆದು, ಓ ಎಂದು ಉತ್ತರ ಬರುತ್ತದಾ ಎಂದು ನೋಡುವುದು. ಮೊದಲು ಹತ್ತಿರದವರನ್ನು ಕರೆಯಬೇಕು, ಆಮೇಲೆ ದೂರದವರನ್ನು. ರೌಟರಿನ ವಿಳಾಸ 192.168.1.1 ಉತ್ತರ ಕೊಡದಿದ್ದರೆ ತೊಂದರೆ ನಿಮಗೂ ರೌಟರಿಗೂ ನಡುವೆ. ಅದು ಕೊಟ್ಟು, ಗೂಗಲ್‌ನ 8.8.8.8 ಕೊಡದಿದ್ದರೆ ಸಾಮಾನ್ಯವಾಗಿ ತೊಂದರೆ ರೌಟರಿನಿಂದ ಹೊರಗೆ. ಅದೂ ಕೊಟ್ಟು, ಯಾವುದಾದರೂ ವೆಬ್‌ಸೈಟಿನ ಹೆಸರು ಹಾಕಿದಾಗ ಮಾತ್ರ ಸಿಗದಿದ್ದರೆ ಅದು ಡಿಎನ್‌ಎಸ್ ತೊಂದರೆ. ಹೆಸರನ್ನು ಸಂಖ್ಯೆಯಾಗಿ ಬದಲಿಸಿಕೊಡುವ ಈ ವ್ಯವಸ್ಥೆಯನ್ನು 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ರೂಪಿಸಿದರು. ಅದಿಲ್ಲದಿದ್ದರೆ ದಾರಿಯಿದ್ದೂ ಮನೆ ನಂಬರ್ ಗೊತ್ತಿಲ್ಲದ ಹಾಗೆ. ರೌಟರಿನ ಡಿಎನ್‌ಎಸ್ ಜಾಗದಲ್ಲಿ 8.8.8.8 ಅಥವಾ 1.1.1.1 ಹಾಕಿದರೆ ಎಷ್ಟೋ ಸಲ ಸರಿಹೋಗುತ್ತದೆ. ಮೂರೇ ಕರೆಗಳಲ್ಲಿ ತೊಂದರೆ ಎಲ್ಲಿದೆ ಎಂದು ಗೊತ್ತಾಗುತ್ತದೆ. ನನ್ನ ವೃತ್ತಿಯಲ್ಲಿ ಇದಕ್ಕಿಂತ ಉಪಯೋಗದ ಪಾಠ ನಾನು ಕಲಿತಿಲ್ಲ.

ಕಂಪ್ಯೂಟರಿನ ಸ್ವಂತ ವಿಳಾಸವನ್ನೂ ನೋಡಿ. ವಿಂಡೋಸ್‌ನಲ್ಲಿ ಅದೇ ಕಮಾಂಡ್ ಕಿಟಕಿಯಲ್ಲಿ ಐಪಿಕಾನ್ಫಿಗ್ (ipconfig) ಎಂದು ಟೈಪ್ ಮಾಡಿದರೆ ಬರುತ್ತದೆ. ಅದು 169.254 ಎಂದು ಶುರುವಾದರೆ, ರೌಟರ್ ವಿಳಾಸ ಕೊಡದೆ ಕಂಪ್ಯೂಟರ್ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ಕಂಪ್ಯೂಟರಿಗೆ ಬರುವ ಲ್ಯಾನ್ ಕೇಬಲಿನ ತುದಿ ಬಿಚ್ಚಿ ನೋಡಿ. ಮಲ್ಪೆ, ಪಣಂಬೂರಿನಂಥ ಕಡಲ ಬದಿಯ ಕಟ್ಟಡಗಳಲ್ಲಿ ಉಪ್ಪಿನ ಗಾಳಿಗೆ ಆ ಎಂಟು ಪಿನ್ನುಗಳು ಹಸಿರುಗಟ್ಟಿರುತ್ತವೆ. ನಾನು ಅಲ್ಲಿಗೆ ಹೋಗುವಾಗ ಹೊಸ ಪ್ಲಗ್ಗುಗಳ ಪೊಟ್ಟಣ ಇಟ್ಟುಕೊಂಡೇ ಹೋಗುತ್ತೇನೆ.

ಒಂದು ಜಾತಿಯ ತೊಂದರೆಗೆ ಸಮಯ ಜಾಸ್ತಿ ಹಿಡಿಯುತ್ತದೆ. ಮಣಿಪಾಲದ ಒಂದು ಪಿಜಿಯಲ್ಲಿ ವಾರಕ್ಕೆರಡು ಸಲ ಇಡೀ ಮಹಡಿಯ ನೆಟ್ ಹೋಗುತ್ತಿತ್ತು. ಸಂಜೆ ಹೋದರೆ ಬೆಳಿಗ್ಗೆ ತಾನಾಗಿ ಬರುತ್ತಿತ್ತು. ಮೂರು ಸಲ ಹೋದರೂ ನನಗೆ ಗೊತ್ತಾಗಲಿಲ್ಲ. ನಾಲ್ಕನೇ ಸಲ ಒಬ್ಬ ಹುಡುಗನ ಕೋಣೆಯಲ್ಲಿ ಅವನದೇ ಒಂದು ರೌಟರ್ ಸಿಕ್ಕಿತು. ಸಿಗ್ನಲ್ ಚೆನ್ನಾಗಿ ಬರಲಿ ಎಂದು ಗೋಡೆಯ ಕೇಬಲನ್ನು ಅದರ ಲ್ಯಾನ್ ಪೋರ್ಟಿಗೆ, ಅಂದರೆ ಮನೆಯೊಳಗಿನ ಕಂಪ್ಯೂಟರುಗಳಿಗೆಂದು ಇರುವ ತೂತಿಗೆ, ಸಿಕ್ಕಿಸಿದ್ದ. ಆ ರೌಟರೂ ಎಲ್ಲರಿಗೂ ವಿಳಾಸ ಹಂಚಲು ಶುರುಮಾಡಿತ್ತು. ಹೊರಗೆ ಹೋಗಬೇಕಾದರೆ ನನ್ನ ಬಳಿ ಬನ್ನಿ ಎಂದು ಎರಡು ರೌಟರುಗಳು ಕರೆಯುತ್ತಿದ್ದವು, ಅದರಲ್ಲೊಂದಕ್ಕೆ ಹೊರಗಿನ ದಾರಿಯೇ ಇರಲಿಲ್ಲ. 1994ರಲ್ಲಿ ಮನೆ, ಕಚೇರಿಗಳ ಒಳಗಿನ ಬಳಕೆಗೆಂದು ಕೆಲವು ವಿಳಾಸಗಳನ್ನು ತೆಗೆದಿಟ್ಟರು. 192.168 ಸರಣಿ ಅದರಲ್ಲೊಂದು. ಹಾಗಾಗಿ ಬೇರೆ ಬೇರೆ ಕಂಪನಿಗಳ ರೌಟರಿಗೂ ಎಷ್ಟೋ ಸಲ ಒಂದೇ ವಿಳಾಸ ಇರುತ್ತದೆ. ಎರಡನೇ ರೌಟರ್ ಹಾಕುವುದಾದರೆ ಅದರ ಡಿಎಚ್‌ಸಿಪಿ (DHCP), ಅಂದರೆ ವಿಳಾಸ ಹಂಚುವ ಕೆಲಸ, ಆಫ್ ಮಾಡಿ, ವಿಳಾಸವನ್ನು 192.168.1.2 ಎಂದೇನಾದರೂ ಬದಲಿಸಿ. ಆಕ್ಸೆಸ್ ಪಾಯಿಂಟ್ ಎಂಬ ಆಯ್ಕೆ ಇದ್ದರೆ ಅದು ಒಂದೇ ಗುಂಡಿಯಲ್ಲಿ ಸಾಮಾನ್ಯವಾಗಿ ಇದನ್ನೆಲ್ಲ ಮಾಡುತ್ತದೆ. ಆ ಹುಡುಗನಿಗೆ ಇದನ್ನು ತೋರಿಸಿಕೊಟ್ಟೆ. ಈಗ ಆ ಮಹಡಿಯಲ್ಲಿ ಅವನ ಕೋಣೆಯ ಸಿಗ್ನಲ್ಲೇ ಚೆನ್ನಾಗಿದೆ.

ನೆಟ್‌ವರ್ಕ್ ತೊಂದರೆಯಂತೆ ಕಂಡು, ನೆಟ್‌ವರ್ಕಿಗೆ ಸಂಬಂಧವೇ ಇಲ್ಲದ ಒಂದು ಎರರ್ ಇದೆ. ರಥಬೀದಿಯ ಹತ್ತಿರದ ಒಂದು ಅಂಗಡಿಯ ಹಳೆಯ ಕಂಪ್ಯೂಟರ್ ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ ಪಿಎಕ್ಸ್‌ಇ-ಇ61 ಎಂಬ ಸಂಕೇತ, ಮುಂದೆ ಚೆಕ್ ಕೇಬಲ್ ಎಂಬ ಸೂಚನೆ. ಅಂಗಡಿಯವರು ಪಾಪ, ಹೊಸ ಲ್ಯಾನ್ ಕೇಬಲ್ ತಂದು ಹಾಕಿದ್ದರು. ಆದರೂ ಅದೇ ಮಾತು. ನಡೆದದ್ದು ಏನೆಂದರೆ, ಕಂಪ್ಯೂಟರಿಗೆ ತನ್ನ ಹಾರ್ಡ್ ಡಿಸ್ಕೇ ಸಿಕ್ಕಿರಲಿಲ್ಲ. ಡಿಸ್ಕ್ ಸಿಗದಿದ್ದಾಗ ಅದು ಪಟ್ಟಿಯಲ್ಲಿ ಮುಂದಿರುವುದನ್ನು ಹುಡುಕುತ್ತದೆ. ಪಟ್ಟಿಯ ಕೊನೆಯಲ್ಲಿ ನೆಟ್‌ವರ್ಕಿನಿಂದ ಶುರುವಾಗುವ ಆಯ್ಕೆ ಇತ್ತು. ಅಲ್ಲೂ ಏನೂ ಸಿಗದೆ ಕೇಬಲ್ ನೋಡಿ ಎಂದಿತು.

ಇಂಥ ಹೊತ್ತಿನಲ್ಲಿ ವಿಂಡೋಸ್‌ಗಿಂತ ಮೊದಲು ಕಂಪ್ಯೂಟರನ್ನು ಎಬ್ಬಿಸುವ ಬಯೋಸ್ ಒಳಗೆ ಹೋಗಬೇಕು. ಆನ್ ಆದ ಕೂಡಲೇ ಡಿಲೀಟ್ ಅಥವಾ ಎಫ್2 ಒತ್ತುತ್ತಾ ಇರಿ, ಕಂಪನಿಗೊಂದು ಕೀ ಇರುತ್ತದೆ. ಆ ನೀಲಿ ಪರದೆ ಕಂಡು ಹೆದರುವುದು ಬೇಡ. ನೋಡಿದರೆ ಏನೂ ಆಗುವುದಿಲ್ಲ, ಬದಲಿಸಿ ಸೇವ್ ಮಾಡಿದರೆ ಮಾತ್ರ ಆಗುತ್ತದೆ. ಅಲ್ಲಿ ನನಗೆ ಎರಡು ವಿಷಯ ಕಂಡವು. ಡಿಸ್ಕಿನ ಪಟ್ಟಿ ಖಾಲಿ. ಗಡಿಯಾರ ಎಷ್ಟೋ ವರ್ಷ ಹಿಂದೆ. ಡಬ್ಬ ತೆರೆದು ಡಿಸ್ಕಿನ ಕೇಬಲ್ ತೆಗೆದು, ಒರೆಸಿ, ಮತ್ತೆ ಗಟ್ಟಿಯಾಗಿ ಹಾಕಿದೆ. ವಿಂಡೋಸ್ ಬಂತು. ಆದರೆ ಬ್ಯಾಂಕಿನ ವೆಬ್‌ಸೈಟ್ ತೆರೆಯಲಿಲ್ಲ, ಸಂಪರ್ಕ ಸುರಕ್ಷಿತವಲ್ಲ ಎಂದಿತು. ಅದು ಗಡಿಯಾರದ ತೊಂದರೆ. ಪ್ರತಿ ವೆಬ್‌ಸೈಟಿನ ಪ್ರಮಾಣಪತ್ರಕ್ಕೂ ಈ ದಿನದಿಂದ ಈ ದಿನದವರೆಗೆ ಎಂದು ಅವಧಿ ಇರುತ್ತದೆ. ಕಂಪ್ಯೂಟರಿನ ತಾರೀಕು ಹಳೆಯದಾದರೆ ಆ ಪತ್ರ ಇನ್ನೂ ಹುಟ್ಟಿಯೇ ಇಲ್ಲ ಎಂದು ಅದು ನಂಬುತ್ತದೆ. ಮದರ್‌ಬೋರ್ಡಿನ ಸಿಆರ್2032 ಎಂಬ ನಾಣ್ಯದಂಥ 3 ವೋಲ್ಟಿನ ಬ್ಯಾಟರಿ ಮುಗಿದಿತ್ತು. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಬ್ಯಾಟರಿ ಬದಲಿಸುವ ಮೊದಲು ಬಯೋಸಿನ ಪುಟಗಳ ಫೋಟೊ ತೆಗೆದುಕೊಳ್ಳಿ, ಬ್ಯಾಟರಿ ತೆಗೆದಾಗ ಅಲ್ಲಿನ ಸೆಟ್ಟಿಂಗುಗಳು ಬದಲಾಗಬಹುದು. ಡಿಸ್ಕನ್ನು ಓದುವ ಸೆಟ್ಟಿಂಗ್ ಎಎಚ್‌ಸಿಐಯಿಂದ (AHCI) ರೇಡ್‌ಗೆ (RAID) ಹೋದರೆ, ಅಥವಾ ಕಂಪ್ಯೂಟರ್ ಶುರುವಾಗುವ ರೀತಿ ಹಳೆಯ ಲೆಗಸಿಯಿಂದ ಹೊಸ ಯುಇಎಫ್‌ಐಗೆ (UEFI) ಹೋದರೆ, ಚೆನ್ನಾಗಿರುವ ವಿಂಡೋಸ್ ಕೂಡ ಏಳುವುದಿಲ್ಲ. ಇಂಥ ಕಂಪ್ಯೂಟರಿನ ಡಿಸ್ಕ್ ಹಾಳಾಗಿದೆ ಎಂದು ತಿಳಿದು ಫಾರ್ಮ್ಯಾಟ್ ಮಾಡಿಸಿ, ಮಕ್ಕಳ ಫೋಟೊಗಳನ್ನೆಲ್ಲ ಕಳೆದುಕೊಂಡವರನ್ನು ನಾನು ನೋಡಿದ್ದೇನೆ. ಅದು ನನಗೆ ಈಗಲೂ ಬೇಸರದ ವಿಷಯ.

ರೌಟರಿನ ಫರ್ಮ್‌ವೇರ್, ಅಂದರೆ ಅದನ್ನು ನಡೆಸುವ ಒಳಗಿನ ಸಾಫ್ಟ್‌ವೇರ್, ಅಪ್‌ಡೇಟ್ ಮಾಡಬೇಕಾ? ಮಾಡಬೇಕು, ಭದ್ರತೆಯ ತೂತುಗಳು ಅದರಿಂದಲೇ ಮುಚ್ಚುವುದು. ಆದರೆ ಜೂನಿನಲ್ಲಿ ಮಾಡಬೇಡಿ ಎಂದು ನಮ್ಮೂರಿನವರಿಗೆ ಹೇಳುತ್ತೇನೆ. ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವ ಆ ಎರಡು ಮೂರು ನಿಮಿಷದಲ್ಲಿ ಕರೆಂಟು ಹೋದರೆ ರೌಟರ್ ಮತ್ತೆ ಏಳದೇ ಇರಬಹುದು. ಇನ್ವರ್ಟರ್ ಇರುವ ಪ್ಲಗ್ಗಿನಲ್ಲಿ, ವೈಫೈ ಬಿಟ್ಟು ಲ್ಯಾನ್ ಕೇಬಲ್ ಹಾಕಿ ಮಾಡಿ. ಅಡಿಯ ಚೀಟಿಯಲ್ಲಿ ಮಾಡೆಲ್ ಮಾತ್ರವಲ್ಲ, ವಿ1, ವಿ2 ಎಂಬ ಆವೃತ್ತಿಯೂ ಇರುತ್ತದೆ. ಇಳಿಸಿಕೊಂಡ ಫೈಲಿಗೆ ಎರಡೂ ಹೊಂದಬೇಕು. ಇಂಟರ್‌ನೆಟ್ ಕಂಪನಿಯೇ ಕೊಟ್ಟ ಪೆಟ್ಟಿಗೆಯಾದರೆ ನೀವು ಮುಟ್ಟಬೇಡಿ, ಅದನ್ನು ಸಾಮಾನ್ಯವಾಗಿ ಅವರೇ ದೂರದಿಂದ ಮಾಡುತ್ತಾರೆ.

ರೌಟರಿನ ಒಳಪುಟಕ್ಕೆ ಹೋದಾಗ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ವೈಫೈ ಪಾಸ್‌ವರ್ಡ್ ಹಾಕದೆಯೇ ಸಾಧನ ಜೋಡಿಸುವ ಡಬ್ಲ್ಯುಪಿಎಸ್ (WPS) ಆಫ್ ಮಾಡಿ, ಹೊರಗಿನಿಂದ ನಿಯಂತ್ರಿಸುವ ಆಯ್ಕೆ ಆನ್ ಇದ್ದರೆ ಆಫ್ ಮಾಡಿ. ಮಂಗಳೂರಿನ ಬಿಜೈ, ಕದ್ರಿ ಕಡೆಯ ಫ್ಲ್ಯಾಟುಗಳಲ್ಲಿ ಅಕ್ಕಪಕ್ಕದ ವೈಫೈಗಳು ಜಾಸ್ತಿ. ವೈಫೈಯ 2.4 ಗಿಗಾಹರ್ಟ್ಸ್ ತರಂಗದಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮಾತ್ರ. ಆ ಮೂರರಲ್ಲಿ ಖಾಲಿ ಇರುವುದನ್ನು ಆರಿಸಿ, ಚಾನೆಲ್‌ನ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಡಿ. ಹಳೆಯ ಕೆಂಪುಕಲ್ಲಿನ ಮನೆಗಳ ಕಥೆ ಬೇರೆ. ಆ ದಪ್ಪ ಗೋಡೆ ದಾಟಲು 5 ಗಿಗಾಹರ್ಟ್ಸ್‌ಗೆ ಕಷ್ಟ. ಚಾವಡಿಯಲ್ಲಿ ರೌಟರ್ ಇಟ್ಟು ಅಡುಗೆಮನೆಯಲ್ಲಿ ವೇಗ ಬೇಕು ಎಂದರೆ ಯಾವ ಸೆಟ್ಟಿಂಗೂ ಕೊಡುವುದಿಲ್ಲ. ಒಂದು ಕೇಬಲ್ ಎಳೆಯಬೇಕು ಅಷ್ಟೇ.

ಗಲ್ಫಿನಲ್ಲಿರುವ ಮಕ್ಕಳು ಊರಿನ ಮನೆಯ ಕ್ಯಾಮೆರಾ ನೋಡಬೇಕು ಎಂದು ಕೇಳುವುದು ನಮ್ಮಲ್ಲಿ ಸಾಮಾನ್ಯ. ಹೊರಗಿನಿಂದ ಬಂದ ಕರೆಯನ್ನು ಕ್ಯಾಮೆರಾಕ್ಕೆ ದಾಟಿಸುವ ಪೋರ್ಟ್ ಫಾರ್ವರ್ಡಿಂಗ್ ಎಲ್ಲ ಸರಿ ಮಾಡಿದರೂ ಬರುವುದಿಲ್ಲ ಎಂದಾದರೆ ವ್ಯಾನ್ ಪುಟದ ವಿಳಾಸ ನೋಡಿ. ಅದು 100.64ರಿಂದ 100.127ರ ಒಳಗಿದ್ದರೆ ಒಂದೇ ಹೊರ ವಿಳಾಸವನ್ನು ನಿಮ್ಮಂಥ ಹಲವರು ಹಂಚಿಕೊಂಡಿದ್ದೀರಿ. ಹೊರಗಿನಿಂದ ಬಂದವರಿಗೆ ನಿಮ್ಮ ಬಾಗಿಲು ಯಾವುದೆಂದೇ ಗೊತ್ತಾಗುವುದಿಲ್ಲ. ಇಂಟರ್‌ನೆಟ್ ಕಂಪನಿಯಿಂದ ನಿಮಗೊಬ್ಬರಿಗೇ ಮೀಸಲಾದ ವಿಳಾಸ, ಅಂದರೆ ಸ್ಟ್ಯಾಟಿಕ್ ಐಪಿ, ಕೇಳಿ ಪಡೆಯಿರಿ, ಇಲ್ಲವೇ ಕ್ಯಾಮೆರಾ ಕಂಪನಿಯ ಆ್ಯಪ್ ಬಳಸಿ.

ಸಿಡಿಲಿನ ವಿಷಯಕ್ಕೆ ಬರುತ್ತೇನೆ. ಫೈಬರ್ ಗಾಜು, ಅದರಲ್ಲಿ ಕರೆಂಟು ಹರಿಯುವುದಿಲ್ಲ. ಹೊಡೆತ ಬರುವುದು ಅಡಾಪ್ಟರಿನಿಂದ ಮತ್ತು ತಾಮ್ರದ ಲ್ಯಾನ್ ಕೇಬಲಿನಿಂದ. ಅದರಲ್ಲೂ ಗೇಟಿನ ಕ್ಯಾಮೆರಾಕ್ಕೆ, ಪಕ್ಕದ ಕಟ್ಟಡಕ್ಕೆ ಹೊರಗಿನಿಂದ ಎಳೆದ ಕೇಬಲ್ ತುಂಬಾ ಅಪಾಯ. ಎಷ್ಟೋ ಸಲ ಒಂದು ಪೋರ್ಟ್ ಮಾತ್ರ ಸುಟ್ಟು ಉಳಿದ ರೌಟರ್ ಚೆನ್ನಾಗಿರುತ್ತದೆ. ಕೇಬಲನ್ನು ಪಕ್ಕದ ಪೋರ್ಟಿಗೆ ಹಾಕಿ ನೋಡದೆ ಹೊಸ ರೌಟರ್ ಕೊಳ್ಳಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ಮತ್ತು ಅಕ್ಟೋಬರಿನ ಹಿಂಗಾರಿನಲ್ಲಿ ಮೋಡ ಕಟ್ಟಿದ ಸಂಜೆ, ಗುಡುಗು ಇನ್ನೂ ದೂರ ಇರುವಾಗಲೇ ಅಡಾಪ್ಟರ್ ಮತ್ತು ಹೊರಗಿನ ಲ್ಯಾನ್ ಕೇಬಲ್ ಎರಡನ್ನೂ ಕಳಚಿ. ಗುಡುಗು ತಲೆಯ ಮೇಲೆ ಬಂದ ಮೇಲೆ ಮುಟ್ಟಲು ಹೋಗಬೇಡಿ. ಫೈಬರನ್ನು ಮಾತ್ರ ಹಾಗೇ ಬಿಡಿ. ಪದೇ ಪದೇ ಬಿಚ್ಚಿದರೆ ಅದರ ತುದಿಗೆ ಧೂಳು ಕೂತು, ಮರುದಿನ ಬೆಳಿಗ್ಗೆ ಮತ್ತೆ ಆ ಕೆಂಪು ದೀಪ ಮಿನುಗಬಹುದು.